ಹದಿನೇಳನೇ ಕಲಮು ಮತ್ತು ನಮ್ಮಕ್ಕನ ಆಪರೇಶನ್

ನಮ್ಮೂರು ಡೋಣಿಯಲ್ಲಿ ‘ಆಪರೇಶನ್’ ಎಂದರೆ ಯಾವ ಆಪರೇಶನ್ ಅಂತ ಯಾರೂ ಕೇಳುವುದಿಲ್ಲ. ಕಣ್ಣಿನದಾದರೆ ‘ಕಣ್ಣಿನ ಆಪರೇಶನ್’, ಹರ್ನಿಯಾ ಆದರೆ ‘ಹೊಟ್ಟಿ ಆಪರೇಶನ್’. ಹಿಂದೆ ಮುಂದೆ ಏನೂ ಇಲ್ಲದೆ ಬರೀ ಆಪರೇಶನ್ ಎಂದರೆ ಅದು ಒಂದೇ. ಹೆಂಗಸಿಗೆ ಇನ್ನು ಮಕ್ಕಳಾಗದಂತೆ ಮಾಡಿಸುವುದು.

ಅಕ್ಕ ಎರಡನೇ ಹೆರಿಗೆಗೆ ತವರಿಗೆ ಬಂದಿದ್ದಳು. ಮೊದಲನೆಯದು ಹೆಣ್ಣು, ಅದಕ್ಕೆ ಈಗ ಮೂರು ವರ್ಷ. ಎರಡನೆಯದು ಗಂಡಾಯಿತು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಅಷ್ಟರಲ್ಲೇ ಅಕ್ಕನ ಅತ್ತೆಯ ಫೋನು ಬಂತು. “ಗಂಡು ಆತಲ್ಲ, ಇನ್ನೇನ ಬೇಕ್ರಿ? ಅಲ್ಲೇ ಆಪರೇಶನ್ ಮಾಡಿಸಿ ಕಳಸ್ರಿ.” ಅವ್ವನೂ “ಹೌದ್ರಿ, ಅದೂ ಖರೇನ” ಅಂದಳು. ಅಪ್ಪ ಎದ್ದು ಎತ್ತಿಗೆ ನೀರು ಕುಡಿಸಲು ಹೋದ. ಎರಡು ನಿಮಿಷದಲ್ಲಿ ತೀರ್ಮಾನ ಆಗಿಹೋಯಿತು. ಅಕ್ಕನಿಗೆ ಇಪ್ಪತ್ಮೂರು ವರ್ಷ. ಅವಳನ್ನು ಯಾರೂ ಕೇಳಲಿಲ್ಲ.

ಆ ಶನಿವಾರ ನಾನು ಗದಗಿನಿಂದ ಊರಿಗೆ ಬಂದಿದ್ದೆ. ರಾತ್ರಿ ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ ಇನ್ನೂ ಆಡುತ್ತಿತ್ತು. ಎಲ್ಲರೂ ಮಲಗಿದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು. “ನೀ ಎಂಜಿನಿಯರ್ ಕಲ್ಯಾಕತ್ತಿ. ಆಪರೇಶನ್ ಬಿಟ್ಟು ಬ್ಯಾರೆ ಏನರ ಐತೇನ ಹೇಳವಾ. ನನಗ ಈಗ ಬ್ಯಾಡ ಅನಸಾಕತ್ತೈತಿ. ಕೂಸು ಎರಡ ಕೆಜಿನೂ ಇಲ್ಲ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಸೆಮಿಕಂಡಕ್ಟರ್ ಬಗ್ಗೆ ಕೇಳಿದ್ದರೆ ಹೇಳುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಸಂತಾನೋತ್ಪತ್ತಿ ಪಾಠ ಬಂದಾಗ ನಮ್ಮ ಕ್ಲಾಸಿನಲ್ಲಿ ಅದನ್ನು “ಮನ್ಯಾಗ ಓದ್ಕೋರಿ” ಎಂದು ಬಿಟ್ಟಿದ್ದರು. ಮನೆಯಲ್ಲೂ ಯಾರೂ ಓದಲಿಲ್ಲ. ಮೊಬೈಲ್ ತೆಗೆದು ಹುಡುಕಲು ಹೋದರೆ ಅರ್ಧ ಹೆದರಿಸುವ ವಿಡಿಯೊ, ಇನ್ನರ್ಧ ಜಾಹೀರಾತು. “ತಡಿ, ಕೇಳಿ ಹೇಳ್ತೀನಿ” ಅಂದೆ. ಈ ಲೇಖನ ಆ ಕೇಳುವ ಕೆಲಸದಿಂದ ಹುಟ್ಟಿದ್ದು.

ಬುಟ್ಟಿಯಲ್ಲಿ ಏನೇನಿದೆ

ಕೂಸು ನೋಡಲು ಆಶಾ ಅಕ್ಕ ಮನೆಗೆ ಬಂದಾಗ ನಾನೇ ಕೇಳಿದೆ. ಆಕೆ ಮೊದಲು ಬಾಗಿಲ ಕಡೆ ನೋಡಿದಳು. ಆಮೇಲೆ ಚೀಲದಿಂದ ಒಂದೊಂದೇ ತೆಗೆದಿಟ್ಟಳು. ಸರ್ಕಾರಿ ಆಸ್ಪತ್ರೆಯಲ್ಲಿ ಇವೆಲ್ಲ ಪುಕ್ಕಟೆ. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ತಂದುಕೊಟ್ಟರೆ ಮೂರು ನಿರೋಧಿನ ಪಾಕೀಟಿಗೆ ಒಂದು ರೂಪಾಯಿ, ತಿಂಗಳ ಮಾತ್ರೆಗೆ ಒಂದು ರೂಪಾಯಿ, ತುರ್ತು ಮಾತ್ರೆಗೆ ಎರಡು ರೂಪಾಯಿ ತೆಗೆದುಕೊಳ್ಳಬಹುದು ಎಂದು 2011ರಲ್ಲೇ ಯೋಜನೆ ಬಂದಿದೆ.

ಓದುಗ ಗೆಳೆಯ ಗೆಳತಿಯರಿಗೆ ಉಪಯೋಗಕ್ಕೆ ಬರಲಿ ಎಂದು ಆಕೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಮಾಲಾ-ಎನ್ ದಿನಕ್ಕೊಂದು ನುಂಗುವ ಹಾರ್ಮೋನ್ ಮಾತ್ರೆ. ಎದೆಹಾಲು ಕುಡಿಸುವ ತಾಯಿಗೆ ಮೊದಲ ಆರು ತಿಂಗಳು ಅದನ್ನು ಕೊಡುವುದಿಲ್ಲ. ಛಾಯಾ ಎಂಬ ಮಾತ್ರೆಯಲ್ಲಿ ಹಾರ್ಮೋನ್ ಇಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಂಡುಹಿಡಿದ ಔಷಧ ಅದು. 1991ರಲ್ಲಿ ‘ಸಹೇಲಿ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದೇ. ಹಾಲುಣಿಸುವ ತಾಯಿಯೂ ತೆಗೆದುಕೊಳ್ಳಬಹುದು. ಅಂತರಾ ಎಂಬುದು ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು, ಹಾಲುಣಿಸುವವರಿಗೆ ಹೆರಿಗೆಯಾಗಿ ಆರು ವಾರದ ನಂತರ. ಮುಟ್ಟಿನಲ್ಲಿ ಏರುಪೇರಾಗಬಹುದು, ನಿಲ್ಲಿಸಿದ ಮೇಲೆ ಮತ್ತೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು. ಇದನ್ನು ಮೊದಲೇ ಹೇಳಿಯೇ ಕೊಡಬೇಕು. ಕಾಪರ್-ಟಿಯಲ್ಲಿ ಐದು ವರ್ಷದ್ದೂ ಹತ್ತು ವರ್ಷದ್ದೂ ಇದೆ, ಬೇಡವಾದಾಗ ತೆಗೆಸಬಹುದು. ಹೆರಿಗೆಯಾಗಿ 48 ಗಂಟೆಯೊಳಗೆ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಲೂ ಬರುತ್ತದೆ.

“ಹಂಗಾದ್ರ ಹೆರಿಗಿ ಆದ ಕೂಡ್ಲೆ ಹಾಕಸಬಹುದಿತ್ತಲ್ರಿ?” ಅಂದೆ. “ಹೌದು. ಆದ್ರ ಕೇಳಬೇಕಲ್ಲ ಯಾರರ” ಅಂದಳು ಆಶಾ ಅಕ್ಕ. ಹೆರಿಗೆಗೆ ಮೊದಲು ಅಕ್ಕ ಎಷ್ಟೋ ಸಲ ತಪಾಸಣೆಗೆ ಹೋಗಿದ್ದಳು. ರಕ್ತ ನೋಡಿದ್ದರು, ತೂಕ ನೋಡಿದ್ದರು, ಕಬ್ಬಿಣದ ಗುಳಿಗೆ ಕೊಟ್ಟಿದ್ದರು. ಮುಂದೇನು ಮಾಡುತ್ತೀ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಕೊನೆಗೆ ಆಶಾ ಅಕ್ಕ ಗಂಡಸರ ಆಪರೇಶನ್ ಬಗ್ಗೆಯೂ ಹೇಳಿದಳು. ಚಾಕು ಹಚ್ಚುವುದಿಲ್ಲ, ಹೊಲಿಗೆ ಇಲ್ಲ, ಕೆಲವೇ ನಿಮಿಷದ ಕೆಲಸ. ಮೂರು ತಿಂಗಳು ಮಾತ್ರ ಬೇರೆ ವಿಧಾನ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೊಟ್ಟೆ ತೆರೆಯುವ ಹೆಂಗಸರ ಆಪರೇಶನ್‌ಗಿಂತ ಹಗುರ. “ನಿಮ್ಮ ಭಾಗದಾಗ ಎಷ್ಟ ಮಂದಿ ಮಾಡಿಸ್ಯಾರ್ರಿ?” ಎಂದು ಕೇಳಿದೆ. ಆಕೆ ನಕ್ಕು ಚೀಲ ಕಟ್ಟಿದಳು.

ನೂರರಲ್ಲಿ ಐವತ್ತೇಳು

ಆ ನಗು ಬರೀ ನಮ್ಮೂರಿನದಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಆಪರೇಶನ್ ಮಾಡಿಸಿಕೊಂಡವರು. ಇಡೀ ದೇಶದ ಸರಾಸರಿ ಸುಮಾರು 38. ಗಂಡಸರ ಆಪರೇಶನ್ ದೇಶದಲ್ಲಿ ನೂರಕ್ಕೆ ಒಂದೂ ಇಲ್ಲ. ನಮ್ಮ ರಾಜ್ಯದಲ್ಲಿ ಅದು ಬಹುತೇಕ ಸೊನ್ನೆ. ಗುಳಿಗೆ, ಕಾಪರ್-ಟಿ, ನಿರೋಧ್ ಎಲ್ಲ ಸೇರಿಸಿದರೂ ಆಪರೇಶನ್ನಿನ ಹತ್ತಿರಕ್ಕೆ ಬರುವುದಿಲ್ಲ.

ಇದೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಅಂದರೆ ‘ಜನಸಂಖ್ಯೆ ಸ್ಫೋಟ’ ಎಂದು ನಾವು ಪ್ರಬಂಧ ಬರೆಯುವ ಕಾಲ ಮುಗಿದಿದೆ. ಎಷ್ಟು ಮಕ್ಕಳು ಎಂಬುದಕ್ಕಿಂತ, ಎಲ್ಲರಿಗೂ ಒಂದೇ ದಾರಿ ಯಾಕೆ ಎಂದು ಈಗ ಕೇಳಬೇಕಾಗಿದೆ. ಮದುವೆಯಾಗಿ ಎರಡು ವರ್ಷ ಮಗು ಬೇಡ ಎನ್ನುವವರಿಗೆ, ಎರಡು ಮಕ್ಕಳ ನಡುವೆ ಅಂತರ ಬೇಕು ಎನ್ನುವವರಿಗೆ ಆಪರೇಶನ್ ಉತ್ತರವೇ ಅಲ್ಲ.

ಹೀಗಾಗಿದ್ದಕ್ಕೆ ಇತಿಹಾಸವೂ ಇದೆ. ಈ ವಿಷಯದಲ್ಲಿ ನಮ್ಮ ನಾಡು ಜಗತ್ತಿಗೇ ಮೊದಲಿತ್ತು. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಪ್ರಪಂಚದಲ್ಲೇ ಅವು ಮೊದಲನೆಯವು ಎನ್ನುತ್ತಾರೆ. ಸ್ವಾತಂತ್ರ್ಯದ ನಂತರ 1952ರಲ್ಲಿ ಭಾರತ ರಾಷ್ಟ್ರಮಟ್ಟದ ಕುಟುಂಬ ಯೋಜನೆ ಆರಂಭಿಸಿದ ಮೊದಲ ದೇಶವಾಯಿತು. ಆಮೇಲೆ ತುರ್ತು ಪರಿಸ್ಥಿತಿ ಬಂತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಶನ್ ನಡೆದವು, ಬಹುಪಾಲು ಗಂಡಸರಿಗೆ, ಎಷ್ಟೋ ಕಡೆ ಒತ್ತಾಯದಿಂದ. ಜನ ಸಿಟ್ಟಾದರು, ಸರ್ಕಾರ ಬಿತ್ತು. ಅಲ್ಲಿಂದ ಮುಂದೆ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಭಾರವೆಲ್ಲ ಹೆಂಗಸರ ಹೊಟ್ಟೆಯ ಮೇಲೆ ಬಂತು.

ಮೆಸ್ಸಿನಲ್ಲಿ ಓದಿದ ಪಾಲಿಸಿ

ಇಷ್ಟರಲ್ಲಿ ನಮ್ಮ ಪೇಯಿಂಗ್ ಗೆಸ್ಟ್ ಮನೆಯ ಸೀನಿಯರ್ ಒಬ್ಬಳಿಗೆ ಬೆಂಗಳೂರಿನ ಕಂಪನಿಯಲ್ಲಿ ಕ್ಯಾಂಪಸ್ ಸೆಲೆಕ್ಷನ್ ಆಯಿತು. ಆಫರ್ ಲೆಟರ್ ನೋಡಿ ಹೇಳಲು ನನಗೆ ಕೊಟ್ಟಳು. ಎಲ್ಲರೂ ಸಿಟಿಸಿ ನೋಡುತ್ತಿದ್ದರೆ ನನಗೆ ಅಕ್ಕನ ಪ್ರಶ್ನೆ ತಲೆಯಲ್ಲಿತ್ತು. ಆರೋಗ್ಯ ವಿಮೆಯಲ್ಲಿ ಇದಕ್ಕೇನಾದರೂ ಸಿಗುತ್ತದೆಯೇ? ಅವಳ ಅಪ್ಪನ ಹೆಸರಿನಲ್ಲಿದ್ದ ಮತ್ತೊಂದು ಪಾಲಿಸಿಯ ಪಿಡಿಎಫ್ ಕೂಡ ತೆರೆದು ಕೊನೆಯ ಪುಟಗಳಿಗೆ ಹೋದೆವು. ಅಲ್ಲಿ ‘ಎಕ್ಸ್‌ಕ್ಲೂಷನ್ಸ್’ ಎಂದು ಸಣ್ಣ ಅಕ್ಷರದ ಪಟ್ಟಿ ಇತ್ತು.

ಹದಿನೇಳನೇ ಕಲಮು ಇದು: ಸಂತಾನಹೀನತೆಗೆ ಸಂಬಂಧಿಸಿದ ಖರ್ಚು ಕೊಡುವುದಿಲ್ಲ, ಯಾವುದೇ ಬಗೆಯ ಗರ್ಭನಿರೋಧಕ, ಸಂತಾನಹರಣ ಆಪರೇಶನ್, ಕೃತಕ ಗರ್ಭಧಾರಣೆ, ಬಾಡಿಗೆ ತಾಯ್ತನ, ಮಾಡಿಸಿದ ಆಪರೇಶನ್ನನ್ನು ಮತ್ತೆ ಸರಿಪಡಿಸುವುದು ಎಲ್ಲವೂ ಅದರಲ್ಲಿ ಸೇರಿವೆ. ಹದಿನೆಂಟನೇ ಕಲಮು ಹೆರಿಗೆಯದು. ಹೆರಿಗೆ, ಸಿಸೇರಿಯನ್, ಅಪಘಾತದಿಂದಲ್ಲದ ಗರ್ಭಪಾತ, ಕಾನೂನುಬದ್ಧ ಗರ್ಭಸಮಾಪನ ಇವೂ ಇಲ್ಲ. ಇದು ಒಂದು ಕಂಪನಿಯ ಹಟವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ ಎಲ್ಲ ಆರೋಗ್ಯ ಪಾಲಿಸಿಗಳಿಗೆ ಒಂದೇ ಮಾದರಿಯ ವಾಕ್ಯ, ಒಂದೇ ಕೋಡ್ ನಂಬರ್ ಇರಲಿ ಎಂದು ಕೊಟ್ಟ ಪಟ್ಟಿಯಲ್ಲೇ ಇದು ಹದಿನೇಳನೆಯದು. ಆ ಕೋಡ್ ಹಿಡಿದು ಯಾವ ಪಾಲಿಸಿಯಲ್ಲಾದರೂ ಹುಡುಕಬಹುದು.

ಊಟದ ತಟ್ಟೆ ಒಣಗುವವರೆಗೂ ಮೆಸ್ಸಿನಲ್ಲಿ ವಾದ ನಡೆಯಿತು. ಒಬ್ಬಳು ಹೇಳಿದಳು, “ವಿಮೆ ಇರೋದು ಅಚಾನಕ್ ಬರೋ ಕಷ್ಟಕ್ಕ. ಗುಳಿಗಿ, ಕಾಪರ್-ಟಿ ಇವೆಲ್ಲ ನಾವ ತಿಳಿದು ಮಾಡೋದು. ಇದಕ್ಕ ಬ್ಯಾರೇದವರು ಯಾಕ ಪ್ರೀಮಿಯಂ ಕಟ್ಟಬೇಕು?” ಮಾತಿನಲ್ಲಿ ತಪ್ಪೇನಿಲ್ಲ. ಗುಳಿಗೆಯ ಬೆಲೆಯೂ ದೊಡ್ಡದಲ್ಲ. ಇನ್ನೊಬ್ಬಳು ಹೇಳಿದಳು, “ಹಂಗಾದ್ರ ವರ್ಷಕ್ಕೊಮ್ಮೆ ಪುಕ್ಕಟೆ ಚೆಕಪ್ ಅಂತ ಯಾಕ ಕೊಡ್ತಾರ? ಮುಂದ ಬರೋ ದೊಡ್ಡ ಖರ್ಚು ತಪ್ಪಸಾಕ ಹೌದಿಲ್ಲೋ? ಬ್ಯಾಡಾದ ಬಸಿರು ತಪ್ಪಸೋದೂ ಹಂಗ.” ಈ ಮಾತೂ ಸರಿ. ಆದರೆ ಹೆರಿಗೆಯೂ ವಿಮೆಯಲ್ಲಿಲ್ಲದ ಪಾಲಿಸಿಯಲ್ಲಿ ಆ ದೊಡ್ಡ ಖರ್ಚು ಕಂಪನಿಯದ್ದಲ್ಲ, ನಮ್ಮದೇ. ಹಾಗಾಗಿ ಅದನ್ನು ತಪ್ಪಿಸುವ ಅವಸರವೂ ಕಂಪನಿಗಿಲ್ಲ. ಹದಿನೇಳು ಮತ್ತು ಹದಿನೆಂಟನ್ನು ಒಟ್ಟಿಗೆ ಓದಿದಾಗ ನನಗೆ ತಿಳಿದದ್ದು ಇದು.

ನನ್ನ ರೂಮ್‌ಮೇಟ್ ಅಷ್ಟು ಹೊತ್ತೂ ಸುಮ್ಮನಿದ್ದಳು. ಅವಳಿಗೆ ಪಿಸಿಒಡಿ ಇದೆ. ಮುಟ್ಟು ಸರಿಯಾಗಲು ವೈದ್ಯರು ಬರೆದುಕೊಟ್ಟಿರುವುದು ಇದೇ ಗರ್ಭನಿರೋಧಕ ಗುಳಿಗೆ. “ನಾ ಚೀಟಿ ಕೊಟ್ಟಾಗ ಮೆಡಿಕಲ್ ಅಂಗಡ್ಯಾಂವ ಮೊದಲ ನನ್ನ ಕೊರಳ ನೋಡ್ತಾನ, ತಾಳಿ ಐತೇನ ಅಂತ. ಆಮ್ಯಾಲ ಪೇಪರ್‌ನ್ಯಾಗ ಸುತ್ತಿ ಕೊಡ್ತಾನ” ಅಂದಳು. ಹೊರಗಿನಿಂದ ಕೊಳ್ಳುವ ಔಷಧಿಗೆ ಹೆಚ್ಚಿನ ಪಾಲಿಸಿಗಳು ಹೇಗೂ ದುಡ್ಡು ಕೊಡುವುದಿಲ್ಲ, ಆ ಮಾತು ಬೇರೆ. ಆದರೆ ಒಂದೇ ಗುಳಿಗೆ ಒಬ್ಬಳಿಗೆ ಚಿಕಿತ್ಸೆ, ಇನ್ನೊಬ್ಬಳಿಗೆ ಗರ್ಭನಿರೋಧಕ ಎಂಬುದು ಹದಿನೇಳನೇ ಕಲಮಿಗೂ ಗೊತ್ತಿಲ್ಲ, ಅಂಗಡಿಯವನಿಗೂ ಗೊತ್ತಿಲ್ಲ.

ಕೆಲಸಕ್ಕೆ ಸೇರುವ ಗೆಳೆಯರು ಇನ್ನೊಂದನ್ನೂ ತಿಳಿದಿರಬೇಕು. ಕಂಪನಿ ಎಲ್ಲ ನೌಕರರಿಗೂ ಸೇರಿಸಿ ಕೊಡುವ ಗ್ರೂಪ್ ಪಾಲಿಸಿಯಲ್ಲಿ ಇಂಥ ಕಲಮುಗಳನ್ನು ಮಾತಾಡಿ ಸಡಿಲಿಸಿಕೊಳ್ಳಬಹುದು. ಅನೇಕ ಕಂಪನಿಗಳು ಹೆರಿಗೆಯನ್ನು ಸೇರಿಸಿರುವುದು ಹಾಗೆಯೇ. ಇಎಸ್‌ಐ ಇರುವ ಕಡೆ ಗಂಡಸರ ಆಪರೇಶನ್‌ಗೆ ಏಳು ದಿನ, ಹೆಂಗಸರ ಆಪರೇಶನ್‌ಗೆ ಹದಿನಾಲ್ಕು ದಿನ ಪೂರ್ತಿ ವೇತನದ ಲೆಕ್ಕದಲ್ಲಿ ಸೌಲಭ್ಯ ಸಿಗುತ್ತದೆ. ಹೆರಿಗೆ ಸೌಲಭ್ಯದ ಕಾನೂನಿನಲ್ಲೂ ಟ್ಯುಬೆಕ್ಟಮಿಗೆ ಎರಡು ವಾರದ ಸಂಬಳ ಸಹಿತ ರಜೆ ಇದೆ. ಆಪರೇಶನ್‌ಗೆ ರಜೆ ಉಂಟು, ಕಾಪರ್-ಟಿಗೆ ಪಾಲಿಸಿ ಇಲ್ಲ. ಕಾನೂನಿನ ಮನಸ್ಸೂ ನಮ್ಮೂರಿನ ಮನಸ್ಸಿನ ಹಾಗೆಯೇ ಇದೆ.

ಹೊರಗಿನ ಜಗತ್ತಿನಲ್ಲಿ

ಅಮೆರಿಕದಲ್ಲಿ ಈ ವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2010ರ ಆರೋಗ್ಯ ಕಾನೂನಿನ ಅಡಿಯಲ್ಲಿ, ಗರ್ಭನಿರೋಧಕಗಳನ್ನು ಮಹಿಳೆಯ ಕೈಯಿಂದ ಹಣ ಪಡೆಯದೆ ವಿಮೆಯೇ ಭರಿಸಬೇಕು ಎಂಬ ನಿಯಮ 2012ರಿಂದ ಜಾರಿಗೆ ಬಂತು. ಹಾಬಿ ಲಾಬಿ ಎಂಬ ಕರಕುಶಲ ಸಾಮಗ್ರಿ ಮಾರುವ ಕಂಪನಿಯ ಮಾಲೀಕರು, ಕೆಲವು ಗರ್ಭನಿರೋಧಕಗಳು ತಮ್ಮ ಧಾರ್ಮಿಕ ನಂಬಿಕೆಗೆ ವಿರುದ್ಧ ಎಂದು ಕೋರ್ಟಿಗೆ ಹೋದರು. 2014ರ ಜೂನ್ 30ರಂದು ಐದು–ನಾಲ್ಕರ ಬಹುಮತದಲ್ಲಿ ಅವರ ಪರ ತೀರ್ಪು ಬಂತು. ಅಲ್ಲಿ ಕೇಳಿದ ಪ್ರಶ್ನೆ, ಮಾಲೀಕನ ನಂಬಿಕೆ ನೌಕರಳ ಪಾಲಿಸಿಯೊಳಗೆ ಎಲ್ಲಿಯವರೆಗೆ ಬರಬಹುದು ಎಂಬುದು. ನಮ್ಮಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ, ಯಾಕೆಂದರೆ ಪಾಲಿಸಿಯೊಳಗೆ ಅದಕ್ಕೆ ಜಾಗವೇ ಇಲ್ಲ.

ಐರ್ಲೆಂಡಿನ ಕಥೆ ನಮಗೆ ಇನ್ನೂ ಹತ್ತಿರದ್ದು. ನಮ್ಮ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಗಾಲ್ವೇ ನಗರದಲ್ಲಿ ತೀರಿಕೊಂಡರು. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ ಅಲ್ಲಿನ ಕಾನೂನಿನ ಕಾರಣಕ್ಕೆ ಗರ್ಭಸಮಾಪನ ಸಿಗದೆ, ಸೋಂಕು ರಕ್ತಕ್ಕೇರಿತ್ತು. ಆ ಸಾವು ಆ ದೇಶವನ್ನೇ ಅಲುಗಿಸಿತು. 2018ರಲ್ಲಿ ಜನಮತದಿಂದ ಸಂವಿಧಾನದ ಆ ಕಲಮು ಹೋಯಿತು. 1970ರ ದಶಕದ ಕೊನೆಯವರೆಗೂ ಗರ್ಭನಿರೋಧಕ ಮಾರುವುದೇ ಅಪರಾಧವಾಗಿದ್ದ ಅದೇ ದೇಶ 2022ರ ಸೆಪ್ಟೆಂಬರ್‌ನಿಂದ 17ರಿಂದ 25 ವರ್ಷದ ಯುವತಿಯರಿಗೆ ಗರ್ಭನಿರೋಧಕಗಳನ್ನು ಪುಕ್ಕಟೆ ಕೊಡಲು ಆರಂಭಿಸಿತು. ನಂತರ ವಯಸ್ಸಿನ ಮಿತಿಯನ್ನೂ ಹೆಚ್ಚಿಸಿತು. ಅಲ್ಲಿ ಮದುವೆಯಾಗಿದೆಯೇ ಎಂದು ಕೇಳುವುದಿಲ್ಲ.

ನಮ್ಮಲ್ಲೂ ಕಾನೂನು ಕೇಳುವುದಿಲ್ಲ. 2021ರ ತಿದ್ದುಪಡಿಯಲ್ಲಿ ಗರ್ಭಸಮಾಪನ ಕಾಯ್ದೆಯ ‘ವಿವಾಹಿತ ಮಹಿಳೆ ಅಥವಾ ಆಕೆಯ ಪತಿ’ ಎಂಬ ಮಾತು ‘ಮಹಿಳೆ ಅಥವಾ ಆಕೆಯ ಸಂಗಾತಿ’ ಎಂದಾಯಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ವಿವಾಹಿತೆ, ಅವಿವಾಹಿತೆ ಎಂದು ಭೇದ ಮಾಡುವಂತಿಲ್ಲ ಎಂದಿತು. ಆದರೆ ಅಂಗಡಿ ಮುಂದಿನ ಕಣ್ಣು ಬದಲಾಗಿಲ್ಲ. 2022ರ ಕೊನೆಯಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮೊಬೈಲ್ ಹುಡುಕಲು ಮಕ್ಕಳ ಬ್ಯಾಗ್ ತಪಾಸಣೆ ಮಾಡಿದಾಗ ಕಾಂಡೋಮ್, ಗುಳಿಗೆ ಸಿಕ್ಕವು ಎಂದು ದೊಡ್ಡ ಸುದ್ದಿಯಾಗಿತ್ತಲ್ಲ. ಮುಂದಿನ ಜನವರಿಯಲ್ಲಿ ಹದಿನೆಂಟರೊಳಗಿನವರಿಗೆ ಕಾಂಡೋಮ್ ಮಾರಾಟ ನಿಷೇಧ ಎಂಬ ಸುದ್ದಿ ಹರಡಿತು. ಔಷಧ ನಿಯಂತ್ರಣ ಇಲಾಖೆಯೇ ಮುಂದೆ ಬಂದು ನಿಷೇಧವೇನೂ ಇಲ್ಲ, ತಿಳಿವಳಿಕೆ ಹೇಳಿ ಎಂದಷ್ಟೇ ಸೂಚಿಸಿದ್ದೇವೆ ಎಂದು ಸ್ಪಷ್ಟಪಡಿಸಬೇಕಾಯಿತು. ಅಷ್ಟು ಗದ್ದಲದಲ್ಲಿ ‘ಮನ್ಯಾಗ ಓದ್ಕೋರಿ’ ಎಂದು ಬಿಟ್ಟ ಪಾಠದ ಮಾತು ಎಷ್ಟು ಜನ ಎತ್ತಿದರು?

ಆಪರೇಶನ್ ಫೇಲಾದರೆ

ಹಾಗಂತ ಈ ದೇಶದಲ್ಲಿ ಸಂತಾನ ನಿಯಂತ್ರಣಕ್ಕೆ ವಿಮೆಯೇ ಇರಲಿಲ್ಲ ಎಂದಲ್ಲ. ಇತ್ತು, ಆದರೆ ಆಪರೇಶನ್‌ಗೆ ಮಾತ್ರ. ಹರಿಯಾಣದ ಸಂತ್ರಾ ಎಂಬ ಬಡ ಕೂಲಿ ಮಹಿಳೆ ಆಪರೇಶನ್ ನಂತರವೂ ಹೆತ್ತು, ಕೋರ್ಟಿಗೆ ಹೋಗಿ, 2000ದಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪರಿಹಾರ ಗೆದ್ದಳು. 2005ರಲ್ಲಿ ಪಂಜಾಬಿನ ಇನ್ನೊಂದು ಪ್ರಕರಣದಲ್ಲಿ ಅದೇ ಕೋರ್ಟು, ಆಪರೇಶನ್ ವಿಫಲವಾದ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯ ಎನ್ನಲಾಗದು, ಆದರೆ ಸರ್ಕಾರ ವಿಮೆಯಂಥ ವ್ಯವಸ್ಥೆ ಯೋಚಿಸಲಿ ಎಂದಿತು. ಆ ವರ್ಷದ ನವೆಂಬರ್‌ನಲ್ಲಿ ಕುಟುಂಬ ಯೋಜನೆ ವಿಮಾ ಯೋಜನೆ ಬಂತು. 2013ರಿಂದ ವಿಮಾ ಕಂಪನಿಯನ್ನು ಬಿಟ್ಟು ಸರ್ಕಾರವೇ ಪರಿಹಾರ ಕೊಡುವ ಯೋಜನೆಯಾಗಿ ಅದು ಮುಂದುವರಿಯಿತು. ಆಗ ನಿಗದಿಯಾಗಿದ್ದ ಮೊತ್ತ, ಆಪರೇಶನ್‌ನಿಂದ ಸಾವಾದರೆ ಎರಡು ಲಕ್ಷ, ವಿಫಲವಾದರೆ ಮೂವತ್ತು ಸಾವಿರ ರೂಪಾಯಿ.

ಇದನ್ನು ಓದುವಾಗ ನನಗೆ ನಮ್ಮ ಓಣಿಯ ಚಿಗವ್ವ ಒಬ್ಬಾಕೆ ನೆನಪಾದಳು. ನಾನು ಸಣ್ಣವಳಿದ್ದಾಗ ಆಕೆಗೆ ಆಪರೇಶನ್ ಆಗಿ ಎರಡು ವರ್ಷದ ಮೇಲೆ ಮತ್ತೆ ದಿನ ಹೋದವು. ಆಪರೇಶನ್ ಫೇಲ್ ಆಗಬಹುದು ಎಂದು ಯಾರಿಗೂ ಗೊತ್ತಿರಲಿಲ್ಲ. ಜನ ಆಕೆಯ ನಡತೆಯ ಬಗ್ಗೆ ಮಾತಾಡಿದರು. ಗಂಡ ಆರು ತಿಂಗಳು ಮಾತು ಬಿಟ್ಟಿದ್ದ. ಪರಿಹಾರ ಎಂಬುದೊಂದಿದೆ, ವಿಫಲವಾಗಿದೆ ಎಂದು ತಿಳಿದ 90 ದಿನದೊಳಗೆ ಅರ್ಜಿ ಹಾಕಬೇಕು, ಅದಕ್ಕೆ ಒಪ್ಪಿಗೆ ಪತ್ರದ ಪ್ರತಿ ಮತ್ತು ಆಪರೇಶನ್ ಆದ ಪ್ರಮಾಣಪತ್ರ ಬೇಕು ಎಂದು ಆಕೆಗೆ ಯಾರೂ ಹೇಳಲಿಲ್ಲ. ಪ್ರಮಾಣಪತ್ರ ತೆಗೆದುಕೊಂಡೇ ಇರಲಿಲ್ಲ. ಮೂವತ್ತು ಸಾವಿರಕ್ಕಿಂತ ಹೆಚ್ಚಾಗಿ, ‘ಇದು ಆಪರೇಶನ್ನಿನ ತಪ್ಪು, ನಿನ್ನದಲ್ಲ’ ಎಂದು ಸರ್ಕಾರದ ಕಾಗದದಲ್ಲಿ ಬರೆದು ಬರುತ್ತಿತ್ತಲ್ಲ, ಅದು ಆಕೆಗೆ ಬೇಕಾಗಿತ್ತು.

2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಒಂದೇ ದಿನ 83 ಮಹಿಳೆಯರಿಗೆ ಆಪರೇಶನ್ ಮಾಡಿ ಹದಿಮೂರು ಮಂದಿ ಸತ್ತರು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ, ಪರಿಹಾರ ಹೆಚ್ಚಿಸಿ ಎಂದು ಆದೇಶಿಸಿತು. ಒಪ್ಪಿಗೆ ಪತ್ರ ಅವರವರ ಭಾಷೆಯಲ್ಲಿ ಇರಬೇಕು, ವಿವರಿಸಿ ಹೇಳಬೇಕು ಎಂಬುದೂ ಆ ತೀರ್ಪಿನಲ್ಲಿತ್ತು. ಇನ್ನೊಂದು ಸಂಗತಿ ನನಗೆ ಆಶ್ಚರ್ಯ ತಂದಿತು. ಸರ್ಕಾರದ ಮಾರ್ಗಸೂಚಿಯ ಪ್ರಕಾರ ಆಪರೇಶನ್‌ಗೆ ಗಂಡ ಅಥವಾ ಹೆಂಡತಿಯ ಒಪ್ಪಿಗೆ ಬೇಕಾಗಿಲ್ಲ. ಮಾಡಿಸಿಕೊಳ್ಳುವವರ ಒಪ್ಪಿಗೆ ಸಾಕು. ನಮ್ಮ ಮನೆಯಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಎಲ್ಲರ ಒಪ್ಪಿಗೆಯೂ ಆಗಿತ್ತು, ಮಾಡಿಸಿಕೊಳ್ಳುವವಳದು ಮಾತ್ರ ಉಳಿದಿತ್ತು.

ಅಕ್ಕ ಏನು ಮಾಡಿದಳು

ಕೇಳಿ ತಿಳಿದದ್ದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಅವ್ವನಿಗೆ, “ಆಪರೇಶನ್ ಬ್ಯಾಡ ಅನ್ನಂಗಿಲ್ಲ. ಒಂದ ವರ್ಷ ತಡೀರಿ, ಕೂಸು ಗಟ್ಟಿ ಆಗಲಿ” ಅಂದಳು. ಅವ್ವ ಬೈದಳು. ನಾನು ಹೊತ್ತಿಗೆ ಸರಿಯಾಗಿ, ಒಂದು ವರ್ಷ ದಾಟಿದ ಮಗು ಇರಬೇಕು ಎಂದು ಸರ್ಕಾರದ ನಿಯಮದಲ್ಲೂ ಇದೆ ಎಂದೆ. ಆ ನಿಯಮ ಮೊದಲ ಮಗುವಿನಿಂದಲೇ ಪೂರ್ತಿಯಾಗುತ್ತದೆ ಎಂಬುದನ್ನು ಹೇಳಲಿಲ್ಲ. ಅವ್ವ ಇದನ್ನು ಓದಿದರೆ ಕ್ಷಮಿಸಲಿ.

ಮಾಮಾ, ಅಂದರೆ ಅಕ್ಕನ ಗಂಡ, ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗುವವರು. ಫೋನಿನಲ್ಲಿ ಧೈರ್ಯ ಮಾಡಿ ಗಂಡಸರ ಆಪರೇಶನ್ ವಿಷಯವನ್ನೂ ತೆಗೆದೆ. ಮೊದಲು ನಕ್ಕರು. ಆಮೇಲೆ, “ನಾ ಸಿಮೆಂಟ್ ಚೀಲ ಹೊರಾಂವವಾ. ಶಕ್ತಿ ಹೋದ್ರ ಮನಿ ನಡಸೋರ್ಯಾರು?” ಅಂದರು. ಶಕ್ತಿ ಹೋಗುವುದಿಲ್ಲ ಮಾಮಾ, ಒಂದೆರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತಬಾರದು ಅಷ್ಟೇ ಎಂದೆ. ಆ ಒಂದು ವಾರದ ಪಗಾರ ಯಾರು ಕೊಡುತ್ತಾರೆ ಎಂದು ಕೇಳಿದರು. ಅವರಿಗೆ ಇಎಸ್‌ಐ ಇಲ್ಲ. ಕಾನೂನಿನ ಏಳು ದಿನದ ವೇತನ ಅವರ ಕೆಲಸದ ಜಾಗದವರೆಗೆ ಹೋಗುವುದಿಲ್ಲ. ಆ ಪ್ರಶ್ನೆಗೂ ನನ್ನಲ್ಲಿ ಉತ್ತರ ಇರಲಿಲ್ಲ.

ಕೊನೆಗೆ ಅಕ್ಕ ಅಂತರಾ ಆರಿಸಿಕೊಂಡಳು. ವಾರ ವಾರ ಗುಳಿಗೆ ಮರೆಯುವ ಭಯ ಇಲ್ಲ, ಮನೆಯಲ್ಲಿ ಯಾರಿಗೂ ಕಾಣುವುದಿಲ್ಲ ಎಂಬುದು ಅವಳ ಲೆಕ್ಕ. ಆರು ವಾರ ಮುಗಿದ ಮೇಲೆ ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಹೋದೆವು. “ಸ್ಟಾಕ್ ಮುಗದೈತಿ, ಮುಂದಿನ ವಾರ ಬರ್ರಿ” ಅಂದರು. ಶಕ್ತಿ ಯೋಜನೆಯಿಂದ ಬಸ್ಸೇನೋ ಪುಕ್ಕಟೆ, ಆದರೆ ಬಾಣಂತಿಯ ಒಂದು ದಿನ ಹೋಯಿತು. ಅಕ್ಕನಿಗೆ ತಂಗಿ ಇದ್ದಳು, ಎರಡನೇ ಸಲವೂ ಕರೆದುಕೊಂಡು ಹೋದಳು. ತಾಂಡಾದಿಂದ ಕೂಲಿ ಬಿಟ್ಟು ಒಬ್ಬಳೇ ಬಂದವಳು ಮುಂದಿನ ವಾರ ಬರುತ್ತಾಳೆಯೇ? ಆ ಖಾಲಿ ಕಪಾಟನ್ನು ನೋಡಿದ ಮೇಲೆ ಮೆಸ್ಸಿನಲ್ಲಿ ಮಾಡಿದ ವಾದ ನನಗೆ ಸಣ್ಣದಾಗಿ ಕಂಡಿತು. ಇಂಥ ಗುಳಿಗೆ, ಕಾಂಡೋಮ್ ತಯಾರಿಸುವ ಸರ್ಕಾರಿ ಸ್ವಾಮ್ಯದ ಎಚ್‌ಎಲ್‌ಎಲ್ ಕಂಪನಿಯ ಕಾರ್ಖಾನೆಯೊಂದು ನಮ್ಮದೇ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿದೆ. ಮಾಡುವ ಜಾಗ ಹತ್ತಿರ ಇದೆ, ಊರಿಗೆ ಬಂದು ಮುಟ್ಟುವ ದಾರಿಯೇ ದೂರ.

ವಿಮೆ ಇದನ್ನೂ ಭರಿಸಬೇಕೇ ಎಂದು ನನ್ನನ್ನು ಕೇಳಿದರೆ ಹೌದು ಅನ್ನುತ್ತೇನೆ. ಕಾಪರ್-ಟಿ, ಆಪರೇಶನ್ ಮತ್ತು ಅವುಗಳಿಂದ ಬರುವ ತೊಂದರೆಗಾದರೂ ಹದಿನೇಳನೇ ಕಲಮಿನಿಂದ ವಿನಾಯಿತಿ ಸಿಗಬೇಕು. ನಾವು ಕೆಲಸಕ್ಕೆ ಸೇರುವಾಗ ಎಚ್‌ಆರ್ ಅವರನ್ನು ಇದರ ಬಗ್ಗೆ ಕೇಳಬೇಕು. ಒಬ್ಬಳೇ ಕೇಳಿದರೆ ಸಂಕೋಚ, ಹತ್ತು ಮಂದಿ ಕೇಳಿದರೆ ಅದು ಬೇಡಿಕೆ. ಹುಡುಗರೂ ಕೇಳಬೇಕು, ಇದು ಹೆಂಗಸರ ವಿಷಯ ಎಂದು ಎದ್ದು ಎತ್ತಿಗೆ ನೀರು ಕುಡಿಸಲು ಹೋಗಬಾರದು. ಆದರೆ ಪಾಲಿಸಿಯೇ ಇಲ್ಲದ ನಮ್ಮಕ್ಕನಂಥವರಿಗೆ ಮೊದಲು ಬೇಕಾದದ್ದು ಎರಡು: ಹೆರಿಗೆಗೆ ಮುಂಚೆಯೇ ‘ನಿನಗೇನು ಬೇಕು’ ಎಂದು ಕೇಳುವ ಒಬ್ಬರು, ಹೋದ ದಿನ ತುಂಬಿರುವ ಕಪಾಟು.

ಎರಡನೇ ಸಲ ಹೋದಾಗ ಚುಚ್ಚುಮದ್ದು ಸಿಕ್ಕಿತು. ಸಿಸ್ಟರ್ ಒಂದು ಕಾರ್ಡಿನಲ್ಲಿ ಮುಂದಿನ ದಿನಾಂಕ ಬರೆದುಕೊಟ್ಟರು. ಅಷ್ಟರಲ್ಲಿ ಅಕ್ಕ ಗಂಡನ ಜೊತೆ ಗೋವಾಕ್ಕೆ ಹೋಗಿರುತ್ತಾಳೆ. ಕಾರ್ಡು ತೋರಿಸಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳು ಎಂದು ಹೇಳಿಕೊಟ್ಟಿದ್ದೇನೆ. ಅಲ್ಲಿ ಸ್ಟಾಕ್ ಇರುತ್ತದೋ, ಕೊಂಕಣಿಯಲ್ಲಿ ಕೇಳಬೇಕೋ ನೋಡಬೇಕು. ಕಾರ್ಡನ್ನು ಅವಳು ಮಗಳ ತಾಯಿಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟುಕೊಂಡಿದ್ದಾಳೆ. ಆ ದಿನಾಂಕವನ್ನು ನಾನು ನನ್ನ ಮೊಬೈಲಿನಲ್ಲೂ ಹಾಕಿಕೊಂಡಿದ್ದೇನೆ. ಅದು ನನ್ನ ಸೆಮಿಸ್ಟರ್ ಪರೀಕ್ಷೆಯ ವಾರದಲ್ಲೇ ಬರುತ್ತದೆ. ಪರೀಕ್ಷೆ ಬರೆದು ಹೊರಗೆ ಬಂದ ಕೂಡಲೇ ಫೋನ್ ಮಾಡುತ್ತೇನೆಂದು ಅಕ್ಕನಿಗೆ ಹೇಳಿದ್ದೇನೆ.